ಮೋತಪ್ಪನ ಮರ್ಯಾದೆ

ಎಲುಬು ಹೆಬ್ಬೆರಳಿಗಿಂತ ದೊಡ್ಡದೇನೂ ಇರಲಿಲ್ಲ. ಶ್ರಾವಣದ ಕಡೆಯ ಸೋಮವಾರ ಬೆಳಿಗ್ಗೆ ಅದು ಸೊಲ್ಲಾಪುರದ ಬಾಳಿವೇಸದಲ್ಲಿ, ಟವೆಲ್ ವ್ಯಾಪಾರಿ ಶಾಂತಲಿಂಗಪ್ಪನ ಮನೆಯ ಮೆಟ್ಟಿಲ ಮೇಲೆ ಬಿದ್ದಿತ್ತು. ಪಕ್ಕದಲ್ಲೇ ಅವನ ನಾಯಿ ಮೋತಿ ಬಾಯಿ ಮುಚ್ಚಲಾರದೆ, ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಮೋರೆ ಕೆರೆದುಕೊಳ್ಳುತ್ತ ಕೂತಿತ್ತು.

ಬೇರೆಯವರ ನಾಯಿಯಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಮೋತಿ ಲಿಂಗವಂತರ ಮನೆಯ ನಾಯಿ. ಜೋಳದ ಭಾಕ್ರಿ, ಹಾಲು ಬಿಟ್ಟು ಬೇರೇನನ್ನೂ ಮೂಸದ ನಾಯಿ. ಅದಕ್ಕಿಂತ ಹೆಚ್ಚಿಗೆ, ಸೋಮವಾರ ಸಂಜೆಯ ಪೂಜೆ ಮುಗಿಯುವ ತನಕ ತುತ್ತು ಮುಟ್ಟದ ನಾಯಿ. ಸೋಮವಾರ ಆ ಮನೆಯಲ್ಲಿ ಸಂಜೆಯವರೆಗೆ ಒಲೆಯೇ ಹೊತ್ತುವುದಿಲ್ಲ, ಪಾಪ ನಾಯಿ ತಿನ್ನುವುದಾದರೂ ಏನನ್ನು ಎಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ.

"ಸೊಲ್ಲಾಪುರದಾಗ ಗಿರಣಿ ಮಾಲೀಕ್ರು ರಗಡ ಅದಾರ. ಸೋಮವಾರ ಹಿಡಿಯೋ ನಾಯಿ ನಮ್ಮದೊಂದ," ಎಂದು ಶಾಂತಲಿಂಗಪ್ಪ ಗಿರಾಕಿಗಳಿಗೆ ಟವೆಲ್ ಬಿಚ್ಚಿ ತೋರಿಸುವ ಮೊದಲು ನಾಯಿಯನ್ನು ತೋರಿಸುತ್ತಿದ್ದ. ಓಣಿಯ ಹೆಣ್ಣುಮಕ್ಕಳು ಅದನ್ನು ಮೋತಿ ಎನ್ನುವುದನ್ನು ಬಿಟ್ಟು ಮೋತಪ್ಪ ಎನ್ನತೊಡಗಿದ್ದರು. ಶ್ರಾವಣವಿಡೀ ಓಣಿಯಲ್ಲಿ ಪುರಾಣ ಹೇಳಿದ ಮಠದ ಅಪ್ಪನವರ ಕಿವಿಗೂ ಈ ಸಂಗತಿ ಬಿದ್ದು, "ಮುಕ್ತಾಯದ ದಿನ ಆ ನಾಯೀನ ನಾವೂ ನೋಡಬೇಕು" ಎಂದಿದ್ದರು. ಮುಕ್ತಾಯ ಇವತ್ತೇ ಸಂಜೆ. ಮೋತಪ್ಪನಿಗೆ ಹಾಕಲು ಮಾಲೆ ಆಗಲೇ ತಯಾರಾಗಿತ್ತು.

ಶಾಂತಲಿಂಗಪ್ಪ ಎಲುಬನ್ನು ನೋಡಿದ, ನಾಯಿಯನ್ನು ನೋಡಿದ, ಓಣಿಯ ಎರಡೂ ಕಡೆ ನೋಡಿದ. ಇದರ ಜೋಡಿ ಇನ್ನೊಂದು ಎಲುಬು ಮೋತಿಯ ಗಂಟಲಲ್ಲಿ ಸಿಕ್ಕಿಕೊಂಡಿರುವುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಕಾಲಿನಿಂದ ಎಲುಬನ್ನು ಗಟಾರಕ್ಕೆ ನೂಕಿದ. "ಮೋತ್ಯಾ, ಮೂರು ವರ್ಷದ ಮಾನ ಒಂದ ಮುಂಜಾನ್ಯಾಗ ಕಳದ್ಯಲ್ಲೋ," ಎಂದು ಪಿಸುಗುಟ್ಟಿದ. ಮೋತಿ ಕುಂಯ್ ಎಂದಿತು.

ಆ ಸದ್ದಿಗೆ ಹೆಂಡತಿ ಕಸ್ತೂರಬಾಯಿ ಹೊರಗೆ ಓಡಿಬಂದಳು. "ಅಯ್ಯ ಶಿವನ! ನಮ್ಮ ಮೋತಪ್ಪಗ ಏನಾತ್ರೀ?" ಎಂದ ಅವಳ ಕೂಗಿಗೆ ಮುಕ್ಕಾಲು ಓಣಿ ಬಂತು.

ಎಲ್ಲರಿಗಿಂತ ಮೊದಲು ಬಂದವನು ಪಕ್ಕದ ಮನೆಯ ನಾಗಪ್ಪ. ಗಿರಣಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿ ನಿವೃತ್ತನಾದ ಮೇಲೆ ಊರವರ ಕೆಲಸವನ್ನೆಲ್ಲ ತನ್ನದೇ ಎಂದುಕೊಂಡಿದ್ದ. ಓಣಿಯಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ.

"ವಿಚಾರ ಏನ್ ಮಾಡ್ತೀಯೋ ಶಾಂತಲಿಂಗಪ್ಪ? ಸರಕಾರಿ ದನದ ದವಾಖಾನಿ ಐತಲ್ಲ, ಹತ್ತು ಮಿನಿಟಿನ ಹಾದಿ. ನಡೀ, ನಾನೂ ಬರ್ತೀನಿ."

"ಅಲ್ಲಿ ಬ್ಯಾಡ," ಎಂದ ಶಾಂತಲಿಂಗಪ್ಪ ಗಾಬರಿಯಿಂದ. ಅಲ್ಲಿಯ ಡಾಕ್ಟರ ಅವನ ಕಾಯಂ ಗಿರಾಕಿ. ಸಂಜೆಯ ಮುಕ್ತಾಯಕ್ಕೂ ಬರುವವನಿದ್ದ. "ಅಲ್ಲಿ ಬರೇ ಎಮ್ಮಿ ನೋಡ್ತಾರ."

"ಹಂಗಾರ ಸ್ಟೇಶನ್ ಹಂತೇಕಿನ ಡಾಕ್ಟರ ಕಡೆ ಒಯ್ಯಿರಿ," ಎಂದಳು ಎದುರುಮನೆಯ ಶಾರದಾಬಾಯಿ. "ಗಿರಣಿ ಸಾಹೇಬ್ರ ನಾಯಿಗೋಳೆಲ್ಲ ಅಲ್ಲೇ ಹೋಗ್ತಾವ. ನಮ್ಮ ತಂಗೀ ಮಗ ಅಲ್ಲೇ ಕಂಪೌಂಡರ ಅದಾನ, ಒಂದ ಮಾತ ಹೇಳಿದ್ರ ಸಾಕು."

ಶಾರದಾಬಾಯಿಯ ತಂಗಿಯ ಮಗನಿಗೆ ಗೊತ್ತಾದರೆ ಶಾರದಾಬಾಯಿಗೆ ಗೊತ್ತಾಗುತ್ತದೆ. ಶಾರದಾಬಾಯಿಗೆ ಗೊತ್ತಾದರೆ ಆಮೇಲೆ ಡಂಗುರದವನಿಗೆ ಕೆಲಸವಿಲ್ಲ. "ಅಲ್ಲಿ ಬರೋವೆಲ್ಲ ಇಂಗ್ಲಿಷ್ ನಾಯಿ, ವೈನಿ. ನಮ್ಮ ಮೋತಿಗೆ ಕನ್ನಡ ಬಿಟ್ರ ತಿಳಿಯೂದಿಲ್ಲ," ಎಂದ.

ಮೋತಿ ಇನ್ನೊಮ್ಮೆ ಓಕರಿಸಿತು. ಕಸ್ತೂರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನರೆಲ್ಲ ಶಾಂತಲಿಂಗಪ್ಪನನ್ನು ಕಟುಕನನ್ನು ನೋಡುವಂತೆ ನೋಡತೊಡಗಿದರು.

ಅಷ್ಟರಲ್ಲಿ ಬಾಯಿ ತೆರೆದವನು ಕುರಿಗಾರ ಧರೆಪ್ಪ. ಕರಜಗಿಯವನು, ಉಣ್ಣೆ ಮಾರಲು ಪೇಟೆಗೆ ಬಂದಿದ್ದ. "ಸಾವಕಾರ್ರ, ಅಕ್ಕಲಕೋಟಿ ದವಾಖಾನಿಗೆ ಹೋಗ್ರಿ. ನಮ್ಮ ಕುರಿ ಗಂಟಲದಾಗ ಏನ ಸಿಕ್ಕರೂ ಅಲ್ಲಿ ಡಾಕ್ಟರ್ ಸಾಹೇಬ್ರು ತಗದ ಒಗೀತಾರ."

ಶಾಂತಲಿಂಗಪ್ಪನ ಕಿವಿ ನೆಟ್ಟಗಾಯಿತು. "ಅಲ್ಲಿಗೆ ನಮ್ಮ ಬಾಳಿವೇಸದ ಮಂದಿ ಹೋಗ್ತಾರೇನು?"

"ಇಲ್ಲರಿ, ಬರೇ ನಾವು ಕುರುಬರು."

"ಹಂಗಾರ ಅದ ಚಲೋ!" ಎಂದು ಶಾಂತಲಿಂಗಪ್ಪ ಮೋತಿಯನ್ನು ಒಂದು ಹೊಸ ಚಾದರದಲ್ಲಿ ಸುತ್ತಿ ಎತ್ತಿಕೊಂಡೇಬಿಟ್ಟ. ಹತ್ತು ಮಿನಿಟಿನ ದವಾಖಾನೆ ಬಿಟ್ಟು ಇಪ್ಪತ್ತೈದು ಮೈಲಿ ಹೋಗುವುದೇಕೆಂದು ನಾಗಪ್ಪ ಕೇಳುತ್ತಲೇ ಇದ್ದ. "ನನ್ನ ನಾಯಿಗೆ ಚಲೋ ಡಾಕ್ಟರ ಬೇಕೋ ನಾಗಪ್ಪ, ಹತ್ತರದ ಡಾಕ್ಟರ ಅಲ್ಲ. ನೀ ಪೆಂಡಾಲ ನೋಡ್ಕೊ," ಎಂದು ಟಾಂಗಾ ಹತ್ತಿದ. ಈ ಮಾತು ಕೇಳಿ ಕಸ್ತೂರಬಾಯಿಗೆ ಗಂಡನ ಬಗ್ಗೆ ಹೆಮ್ಮೆಯೆನಿಸಿತು.

ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ ಚಾದರ ಸರಿಸಿ ನೋಡಿ, "ಕುತ್ರ್ಯಾಚ ಪಣ ತಿಕೀಟ ಕಾಢಾ, ಶೇಠ," ಎಂದು ನಾಯಿಗೂ ಟಿಕೆಟ್ ಹರಿದ. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕಿ, "ಯಪ್ಪಾ, ಹುಚ್ಚು ಹಿಡದೈತೇನ?" ಎಂದು ಕೇಳಿದ ಮೇಲೆ ಶಾಂತಲಿಂಗಪ್ಪನ ಸುತ್ತಲಿನ ಮೂರು ಸೀಟು ಖಾಲಿಯಾದವು. ವಳಸಂಗದಲ್ಲಿ ಹತ್ತಿದವರು ಖಾಲಿ ಸೀಟು ಕಂಡು ಓಡಿಬಂದು, ಕಾರಣ ಕಂಡು ಹಿಂದಕ್ಕೆ ಸರಿದರು.

ವಳಸಂಗ ದಾಟಿದ ಮೇಲೆ ಮೋತಿ ಒದ್ದಾಡುವುದನ್ನು ನಿಲ್ಲಿಸಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಅವನ ಮೋರೆಯನ್ನೇ ನೋಡಿತು. ಬೆಳಗಿನಿಂದ ತಾನು ನಾಯಿಯ ಹೆಸರಿನ ಚಿಂತೆ ಮಾಡಿದೆನೇ ಹೊರತು ಜೀವದ ಚಿಂತೆ ಮಾಡಲಿಲ್ಲ ಎಂದು ಶಾಂತಲಿಂಗಪ್ಪನಿಗೆ ಈಗ ಹೊಳೆಯಿತು. ನಾಚಿಕೆಯಾಯಿತು. "ಎಲುಬು ತಿಂದಿದ್ರೂ ನೀ ನನ್ನ ಮೋತಿನ," ಎಂದು ಅದರ ಕಿವಿ ಸವರಿದ. ಹಾಗೆಂದು ಹೆಸರಿನ ಚಿಂತೆ ಪೂರ್ತಿ ಹೋಯಿತೆಂದಲ್ಲ.

ಅಕ್ಕಲಕೋಟೆಯ ದವಾಖಾನೆಯಲ್ಲಿ ನಾಲ್ಕಾರು ಕುರಿ, ಒಂದು ಮೇಕೆ, ಅವುಗಳ ಒಡೆಯರು. ಗುರುತಿನ ಮುಖ ಒಂದೂ ಇಲ್ಲದ್ದನ್ನು ಕಂಡು ಶಾಂತಲಿಂಗಪ್ಪನಿಗೆ ಜೀವ ಬಂತು. ಡಾಕ್ಟರ ವಿಜಾಪುರದ ಕಡೆಯವನು, ತರುಣ, ಕಾಯಿದೆಯ ಮನುಷ್ಯ. ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ಅವನು ಕೈಗೆತ್ತಿಕೊಂಡದ್ದು ಇಕ್ಕಳವನ್ನಲ್ಲ, ಕೇಸ್ ಪೇಪರನ್ನು.

"ಮಾಲೀಕರ ಹೆಸರು?"

"ಕಾಮಣ್ಣ."

"ಊರು?"

"ಕರಜಗಿ."

ಡಾಕ್ಟರ ಅವನ ಜರಿಯಂಚಿನ ಧೋತರ, ಬಂಗಾರದ ಗುಂಡಿ ನೋಡಿದ. "ಕರಜಗ್ಯಾಗ ಈ ವರ್ಷ ಸುಗ್ಗಿ ಚಲೋ ಆಗೇದ ಅನ್ನಸ್ತದ," ಎಂದು ಬರೆದುಕೊಂಡ. "ಏನು ತಿಂದದ?"

ಶಾಂತಲಿಂಗಪ್ಪ ಮೇಲೆ ನೋಡಿದ, ಕೆಳಗೆ ನೋಡಿದ. ಮೋತಿ ನರಳಿತು.

"ಎಲುಬುರೀ," ಎಂದ ಸಣ್ಣ ದನಿಯಲ್ಲಿ.

"ಎಲ್ಲೀದು? ಬೀದ್ಯಾಗಿಂದೋ ಮನ್ಯಾಗಿಂದೋ? ಬೀದ್ಯಾಗಿಂದಾದ್ರ ಮೂರು ದಿನ ನಾಯಿ ಇಲ್ಲೇ ಕಟ್ಟಬೇಕು. ಮುನ್ಸಿಪಾಲ್ಟಿಯವರು ವಿಷ ಹಚ್ಚಿ ಒಗದಿರ್ತಾರ."

ಮೂರು ದಿನ! ಸಂಜೆ ಅಪ್ಪನವರು ಕಾಯುತ್ತಿರುತ್ತಾರೆ. "ಇಲ್ಲರಿ ಇಲ್ಲರಿ, ಮನೀದ!" ಎಂದ ಶಾಂತಲಿಂಗಪ್ಪ.

"ಖಾತ್ರಿ ಏನು? ಮನ್ಯಾಗ ಮಟನ್ ತಿನ್ನೋರು ಯಾರು?"

"ನಾನರಿ."

ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಎನ್ನುತ್ತಾರೆ. ಹೇಗೂ ಹೇಳುತ್ತಿರುವುದು ಕರಜಗಿಯ ಕಾಮಣ್ಣ ತಾನೆ? ಶಾಂತಲಿಂಗಪ್ಪ ಧಾರಾಳವಾದ. "ವಾರಕ್ಕ ಎರಡು ಸಲ ತಿಂತೀನ್ರಿ. ಮನ್ಯಾಗ ಹೆಂಗಸರಿಗೆ ಗೊತ್ತಾಗಲಾರದಂಗ. ತಾಟಿನ್ಯಾಗಿನ ಎಲುಬು ನಾನ ಕೈಯಾರೆ ಹಾಕೀನಿ. ನಾಯೀದೇನೂ ತಪ್ಪಿಲ್ಲರಿ, ಅದು ಭಾಳ ಸಾತ್ವಿಕ."

ಡಾಕ್ಟರ ಒಂದಕ್ಷರವನ್ನೂ ಬಿಡದೆ ಬರೆದುಕೊಂಡ. ಆಮೇಲೆ ಎದ್ದು, ಮೋತಿಯ ದವಡೆಗೆ ಕಟ್ಟಿಗೆಯ ತುಂಡು ಕೊಟ್ಟು, ಬ್ಯಾಟರಿ ಹಾಕಿ, ಇಕ್ಕಳ ಇಳಿಸಿದ. ಶಾಂತಲಿಂಗಪ್ಪ ಕಣ್ಣು ಮುಚ್ಚಿ ಸಿದ್ಧರಾಮನನ್ನು ನೆನೆದ. ಕಟ್ ಎಂಬ ಸದ್ದು. ಮೋತಿ ತಲೆ ಕೊಡವಿ ಎದ್ದು ನಿಂತು, ಬೊಗಳಿ, ಡಾಕ್ಟರನ ಕೈ ನೆಕ್ಕಿತು.

"ಇದೆಲ್ಲಿ ಎಲುಬು?" ಎಂದ ಡಾಕ್ಟರ. "ತೆಂಗಿನ ಚಿಪ್ಪು! ಮ್ಯಾಲಿನ ಹಲ್ಲಿನ ನಡುವ ಅಡ್ಡ ಸಿಕ್ಕಿತ್ತು. ನೋಡ್ರಿ, ಇನ್ನೂ ಕೊಬ್ಬರಿ ಹತ್ತೇದ."

ಶಾಂತಲಿಂಗಪ್ಪ ಚಿಪ್ಪನ್ನು ಅಂಗೈಯಲ್ಲಿ ಹಿಡಿದು ನೋಡಿದ. ನಸುಕಿನಲ್ಲಿ ತಾನೇ ಹೊಸ್ತಿಲಿಗೆ ಒಡೆದ ಕಾಯಿ!

"ಆದ್ರ ಎಲುಬು ಕಣ್ಣಾರೆ ನೋಡೀನಲ್ಲರಿ, ಮೆಟ್ಟಿಲ ಮ್ಯಾಲ?"

"ಕಾಗಿ ತಂದು ಒಗದಿರಬೇಕು. ಈ ನಾಯಿ ಬಾಯಾಗಂತೂ ಎಲುಬಿನ ಚೂರೂ ಇಲ್ಲ."

ಶಾಂತಲಿಂಗಪ್ಪನ ಎದೆ ಒಂದು ಗೇಣು ಅಗಲವಾಯಿತು. ಕಣ್ಣಲ್ಲಿ ನೀರೇ ಬಂತು. ಮೆಟ್ಟಿಲ ಮೇಲೆ ಎಲುಬು ಬಿದ್ದಿದ್ದರೂ ಮುಟ್ಟದ ನಾಯಿ! ತಿಂದದ್ದಾದರೂ ಏನು? ದೇವರ ಕಾಯಿ. ಅದೂ ಕೊಬ್ಬರಿ, ಉಪವಾಸಕ್ಕೆ ನಡೆಯುವ ಪದಾರ್ಥ! ಇಂಥ ನಾಯಿಯ ಮೇಲೆ ಸಂಶಯಪಟ್ಟೆನಲ್ಲ ಎಂದು ಗಲ್ಲ ಗಲ್ಲ ಬಡಿದುಕೊಂಡ. ಈ ಮಾತು ಬಾಳಿವೇಸಕ್ಕೆ ತಿಳಿಯಬೇಕು. ಬಾಯಿಮಾತಿನಲ್ಲಿ ಅಲ್ಲ, ಪುರಾವೆಯೊಂದಿಗೆ.

"ಸಾಹೇಬ್ರ, ಈ ನಾಯಿ ಎಲುಬು ತಿಂದಿಲ್ಲ ಅಂತ ನನಗೊಂದು ಸರ್ಟಿಫಿಕೇಟ ಕೊಡ್ರಿ."

"ಸರ್ಟಿಫಿಕೇಟ? ಇಂಥಾದ್ದು ಯಾರೂ ಕೇಳಿಲ್ಲಲ್ಲ ಕಾಮಣ್ಣ?"

"ಕಾಮಣ್ಣ ಅಲ್ಲರಿ! ಅದನ್ನ ಹೊಡದ ಹಾಕ್ರಿ," ಎಂದ ಶಾಂತಲಿಂಗಪ್ಪ ಬಂಗಾರದ ಗುಂಡಿ ಸರಿಮಾಡಿಕೊಂಡು. "ಶಾಂತಲಿಂಗಪ್ಪ, ಟವೆಲ್ ವ್ಯಾಪಾರಿ, ಬಾಳಿವೇಸ, ಸೊಲ್ಲಾಪುರ. ಅಂಗಡಿ ಹೆಸರೂ ಹಾಕ್ರಿ. ನಾಯಿ ಊಟ ಜೋಳದ ಭಾಕ್ರಿ, ಹಾಲು ಅಂತನೂ ಹಾಕ್ರಿ. ಇಂಗ್ಲಿಷಿನ್ಯಾಗ ಬರೀರಿ, ಶಿಕ್ಕಾ ಹೊಡೀರಿ."

ಹೆಸರು ಬದಲಾದದ್ದಕ್ಕೆ ಡಾಕ್ಟರ ಹುಬ್ಬೇರಿಸಿದ. ಆದರೆ ತಿದ್ದುಪಡಿಗೆ ಸಹಿ ಹಾಕಿ, ಕೇಸ್ ಪೇಪರ್ ನೋಡಿಕೊಂಡು ಒಂದು ಪುಟ ಇಂಗ್ಲಿಷ್ ಬರೆದು, ಸರಕಾರಿ ಶಿಕ್ಕಾ ಒತ್ತಿ ಕೊಟ್ಟ. ಆ ನೀಲಿ ದುಂಡನೆ ಶಿಕ್ಕಾ ಶಾಂತಲಿಂಗಪ್ಪನಿಗೆ ಹುಣ್ಣಿಮೆ ಚಂದ್ರನಿಗಿಂತ ಚೆಂದ ಕಂಡಿತು.

ಸಂಜೆ ಪೆಂಡಾಲು ಕಿಕ್ಕಿರಿದಿತ್ತು. ಮೋತಪ್ಪ ಹಣೆಗೆ ವಿಭೂತಿ ಬಳಿಸಿಕೊಂಡು ಅಪ್ಪನವರ ಪಾದದ ಬಳಿ ಕೂತಿತ್ತು. ಶಾಂತಲಿಂಗಪ್ಪ ನಾಗಪ್ಪನ ಕೈಗೆ ಕಾಗದ ಕೊಟ್ಟು, "ಮೈಕಿನ್ಯಾಗ ಓದೋ. ಒಂದಕ್ಷರ ಬಿಡಬ್ಯಾಡ," ಎಂದು ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತ.

ನಾಗಪ್ಪ ಚಷ್ಮಾ ಏರಿಸಿ, ಇಂಗ್ಲಿಷ್ ನೋಡಿ ಕನ್ನಡದಲ್ಲಿ ಹೇಳತೊಡಗಿದ. "ಮಾಲೀಕರು, ಶಾಂತಲಿಂಗಪ್ಪ, ಟವೆಲ್ ವ್ಯಾಪಾರಿ, ಬಾಳಿವೇಸ." ಚಪ್ಪಾಳೆ. "ನಾಯಿಯ ಆಹಾರ, ಜೋಳದ ಭಾಕ್ರಿ ಮತ್ತು ಹಾಲು." ಮತ್ತೆ ಚಪ್ಪಾಳೆ. "ಮಾಲೀಕರ ಹೇಳಿಕೆ." ನಾಗಪ್ಪ ನಿಂತ. ಚಷ್ಮಾ ಒರೆಸಿಕೊಂಡ. ಮೂವತ್ತು ವರ್ಷ ಕಾರಕೂನಿಕೆ ಮಾಡಿದವನಿಗೆ ಸಾಲು ಬಿಟ್ಟು ಓದುವುದು ಗೊತ್ತಿರಲಿಲ್ಲ. "ತಾನು ವಾರಕ್ಕೆ ಎರಡು ಸಲ ಮನೆಯಲ್ಲಿ, ಹೆಂಗಸರಿಗೆ ಗೊತ್ತಾಗದಂತೆ, ಮಟನ್ ತಿನ್ನುವುದಾಗಿಯೂ, ಎಲುಬನ್ನು ಕೈಯಾರೆ ನಾಯಿಗೆ ಹಾಕಿದ್ದಾಗಿಯೂ ಮಾಲೀಕರು ಒಪ್ಪಿಕೊಂಡಿದ್ದಾರೆ. ತಪಾಸಣೆಯಲ್ಲಿ ನಾಯಿ ಅದನ್ನು ಮುಟ್ಟಿಲ್ಲವೆಂದು ರುಜುವಾತಾಗಿದೆ."

ಪೆಂಡಾಲಿನ ಕತ್ತುಗಳೆಲ್ಲ ಮೊದಲ ಸಾಲಿನ ಕಡೆ ತಿರುಗಿದವು.

"ಸುಳ್ಳು!" ಎಂದು ಶಾಂತಲಿಂಗಪ್ಪ ಜಿಗಿದೆದ್ದ. "ಅದು ನಾ ಹೇಳಿದ ಸುಳ್ಳು!"

"ಶಿಕ್ಕಾ ಐತಲ್ಲೋ," ಎಂದ ನಾಗಪ್ಪ ದುಃಖದಿಂದ. "ಕಾಗದ ಒಂದ ಅಲ್ಲೇನು? ಅದು ಸುಳ್ಳಾದ್ರ ಮೋತಪ್ಪಂದೂ ಸುಳ್ಳಾತು. ಯಾವುದು ಅಂತ ನೀನ ಹೇಳು."

ಶಾಂತಲಿಂಗಪ್ಪ ಜನರನ್ನು ನೋಡಿದ. ಹೆಂಡತಿಯನ್ನು ನೋಡುವ ಧೈರ್ಯವಾಗಲಿಲ್ಲ. ಮೋತಿಯನ್ನು ನೋಡಿದ. ವಿಭೂತಿಯ ಹಣೆ ಎತ್ತಿಕೊಂಡು, ಬಾಲ ಆಡಿಸುತ್ತ ಅದು ಅವನನ್ನೇ ನೋಡುತ್ತಿತ್ತು. ಎಂಥ ನಾಯಿ! ಇಡೀ ಸೊಲ್ಲಾಪುರಕ್ಕೊಂದು ನಾಯಿ.

"ಕಾಗದ ಖರೇ ಐತಿ," ಎಂದು ಅವನು ಕೂತುಕೊಂಡ.

ಅಪ್ಪನವರು ಮೋತಪ್ಪನ ತಲೆ ಸವರಿದರು. "ಇನ್ನೊಂದು ಮಾಲಿ ತರ್ರಿ," ಎಂದರು. "ಇಂಥಾ ಮನ್ಯಾಗ ಇದ್ದೂ ಕೆಡಲಾರದ ಉಳದೈತಿ." ಚಪ್ಪಾಳೆಗೆ ಪೆಂಡಾಲಿನ ತಗಡು ನಡುಗಿತು. ಶಾಂತಲಿಂಗಪ್ಪನೂ ಚಪ್ಪಾಳೆ ಹೊಡೆದ.

ಮನೆಗೆ ಬಂದು ಉಪವಾಸ ಬಿಡುವ ಹೊತ್ತಿಗೆ ಕಸ್ತೂರಬಾಯಿ ಎರಡು ತಾಟು ಬಡಿಸಿದಳು. ಅಡುಗೆಮನೆಯಲ್ಲಿ ಮಣೆಯ ಮುಂದೆ ಒಂದು, ಹೊರಗಿನ ಕಟ್ಟೆಯ ಮೇಲೆ ಒಂದು. ಹಸಿದಿದ್ದ ಶಾಂತಲಿಂಗಪ್ಪ ಕೈಕಾಲು ತೊಳೆದುಕೊಂಡು ಅಡುಗೆಮನೆಯ ಕಡೆ ಹೆಜ್ಜೆ ಇಟ್ಟ.

"ಅದು ಮೋತಪ್ಪಂದು," ಎಂದಳು ಕಸ್ತೂರಬಾಯಿ.