ಮರಳಿಗೂ ಮೂವತ್ತೈದೇ ಎಂದ ಗಾಳಿಯಂತ್ರ ಮಹಾಶಯರಿಗೆ

ಮಾನ್ಯರೇ,

ಡಾಂಬರು ರಸ್ತೆ ಮುಗಿದು ಮರಳುದಾರಿ ಶುರುವಾಗುವ ತಿರುವಿನಲ್ಲಿ, ಪೆಟ್ರೋಲ್ ಬಂಕಿನ ಎಡಮೂಲೆಯಲ್ಲಿ, ಕೈತೊಳೆಯುವ ನಲ್ಲಿಗೂ ಶೌಚಾಲಯದ ಬಾಗಿಲಿಗೂ ನಡುವೆ, ಮೈತುಂಬ ಕೆಂಪು ಬಣ್ಣ ಬಳಿದುಕೊಂಡು, ಹಣೆಯ ಮೇಲೆ ಹಸಿರು ಅಂಕಿಗಳನ್ನು ಬೆಳಗಿಸುತ್ತ ನೆಟ್ಟಗೆ ನಿಂತಿರುವ ಸ್ವಯಂಚಾಲಿತ ಗಾಳಿಯಂತ್ರ ಮಹಾಶಯರಾದ ತಮ್ಮ ಸನ್ನಿಧಿಗೆ, ಅದೇ ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿಕೊಂಡಿರುವ ಬಡಪಾಯಿ ಮೇಷ್ಟ್ರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಆರೋಗ್ಯವಾಗಿರುವುದನ್ನು ನಿನ್ನೆಯಷ್ಟೇ ರಸ್ತೆಯ ಆಚೆ ಬದಿಯಿಂದ ಕಣ್ಣಾರೆ ಕಂಡು ಸಮಾಧಾನಪಟ್ಟೆ. ಇತ್ತ ನಾನು, ನನ್ನ ಜೀಪು, ನನ್ನ ಹೆಂಡತಿ ಹಾಗೂ ನನ್ನ ಅತ್ತೆಯವರು ತಮ್ಮ ಕೃಪೆಯಿಂದ ಹೇಗಿದ್ದೇವೆ ಎಂಬುದನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಹೇಳಿಕೊಳ್ಳಲು ಬಂದವರಿಗೆಲ್ಲ ತಾವು 'ಟುಂಯ್' ಎಂಬ ಒಂದೇ ಉತ್ತರ ಕೊಡುತ್ತೀರಿ.

ತಾವು ದಯಮಾಡಿಸುವ ಮೊದಲು ಈ ಬಂಕಿನಲ್ಲಿ ಎಂಥ ಅರಾಜಕತೆ ಇತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಒಂದು ಹಳೆಯ ಕಂಪ್ರೆಸರ್ ಗೊರಗೊರ ಎನ್ನುತ್ತ ಬಿದ್ದಿರುತ್ತಿತ್ತು, ಅದರ ಪಕ್ಕದಲ್ಲಿ ಕೂತವನು ಬಂದವರನ್ನೆಲ್ಲ "ಎಲ್ಲಿಗ್ ಹೊರಟ್ರಿ? ಎಷ್ಟಿರ್ಲಿ?" ಎಂದು ನಾಚಿಕೆಯಿಲ್ಲದೆ ಕೇಳುತ್ತಿದ್ದ. ಜನರೋ ಅವನಿಗಿಂತ ಮಿಗಿಲು. ಹೆದ್ದಾರಿಗೆ ಹೊರಟೆ, ಮೂವತ್ತೈದು ಪೌಂಡಿರಲಿ ಎಂದು ಒಬ್ಬ. ಜಲ್ಲಿರಸ್ತೆಗೆ ಇಪ್ಪತ್ತಾರು ಸಾಕಪ್ಪ ಎಂದು ಇನ್ನೊಬ್ಬ. ಲೋಡು ಜಾಸ್ತಿಯಿದೆ, ಹಿಂದಿನೆರಡಕ್ಕೆ ಇನ್ನೊಂಚೂರು ಹಾಕು ಎಂದು ಮೀನಿನ ವ್ಯಾನಿನವನು. ತಾವು ಬಂದಿರಿ, ಬಾಯಿಗಳೆಲ್ಲ ಮುಚ್ಚಿದವು. ಮೂವತ್ತೈದು! ಕಾರಿಗೂ ಅದೇ, ಜೀಪಿಗೂ ಅದೇ, ಟಾರಿಗೂ ಅದೇ, ಕೆಸರಿಗೂ ಅದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಊರಿನ ಮೊಲಗಳನ್ನೆಲ್ಲ ಹಿಡಿದು ತಂದು, ನಾಲ್ಕನೆಯ ಕಾಲನ್ನು ಖುದ್ದಾಗಿ ಕತ್ತರಿಸುವ ಛಾತಿಯನ್ನು ಕಂಡದ್ದು ತಮ್ಮೊಬ್ಬರಲ್ಲಿ ಮಾತ್ರ.

ನಾನಾದರೋ ಶಿಷ್ಯರ ಕೈಗೆ ಸ್ಟೀರಿಂಗ್ ಕೊಡುವ ಮೊದಲು ಅವರನ್ನು ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸುವ ಹಳೇ ಕಾಲದ ಮೇಷ್ಟ್ರು. ಬಾಗಿಲಿನ ಒಳಅಂಚಿಗೆ ಗಾಡಿಯ ಕಂಪನಿಯವರು ಅಂಟಿಸಿದ ಅಂಕಿ ಟಾರು ರಸ್ತೆಗೆಂದು, ಅದನ್ನೂ ಟೈರು ತಣ್ಣಗಿರುವಾಗಲೇ ಅಳೆಯಬೇಕೆಂದು, ಟಾರಿನ ಮೇಲೆ ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾದು ಒಡೆಯುತ್ತದೆಂದು, ಜಾಸ್ತಿಯಾದರೆ ನಡುಭಾಗ ಸವೆದು ಬ್ರೇಕಿಗೆ ಹಿಡಿತ ಸಿಗದೆಂದು, ಕಲ್ಲುದಾರಿಯಲ್ಲಿ ಒಂದಿಷ್ಟು ಇಳಿಸಬೇಕೆಂದು, ಮರಳಿನಲ್ಲಿ ಹದಿನೆಂಟರ ಆಸುಪಾಸಿಗೆ ತಂದರೆ ಟೈರಿನ ಅಂಗಾಲು ಅಗಲವಾಗಿ ಹೂಳದೆ ನಡೆಯುತ್ತದೆಂದು, ತಿರುಗಿ ಟಾರು ಹತ್ತಿದ ಕೂಡಲೇ ಮರೆಯದೆ ತುಂಬಿಸಬೇಕೆಂದು ಇಷ್ಟು ವರ್ಷ ಗಂಟಲು ಹರಿದುಕೊಂಡೆ. ಇವೆಲ್ಲ ಮೂಢನಂಬಿಕೆಗಳೆಂದು ತಾವು ತೋರಿಸಿಕೊಟ್ಟ ಮೇಲೆ ನನಗೆ ಜ್ಞಾನೋದಯವಾಯಿತು. ಇನ್ನೇನು ಬೇಕು, ಕಣ್ಣೆದುರಿಗೇ ತಾವಿದ್ದೀರಲ್ಲ ಎಂದುಕೊಂಡು ಮನೆಯಲ್ಲಿದ್ದ ಕಾಲುಪಂಪನ್ನು ಗುಜರಿಯವನಿಗೆ ಹಾಕಿಬಿಟ್ಟೆ.

ಅಷ್ಟಕ್ಕೇ ನಿಲ್ಲದೆ, ತಾವು ಗಾಳಿ ತುಂಬಿದ ಪ್ರತಿಯೊಂದು ಚಕ್ರದ ವಾಲ್ವಿಗೂ ಕೆಂಪು ಪ್ಲಾಸ್ಟಿಕ್ಕಿನ ಸೀಲು ಜಡಿಸುವ ಏರ್ಪಾಡನ್ನೂ ಮಾಡಿದಿರಿ. 'ಸೀಲು ಒಡೆದಲ್ಲಿ ಟೈರಿನ ಗ್ಯಾರಂಟಿ ರದ್ದಾಗುವುದು' ಎಂದು ಅದರ ಮೇಲೆ ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿದೆ. ಬೇರೆ ಮನೆಗಳಲ್ಲಿ ಇಂಥದ್ದನ್ನು ಯಾರೂ ಓದುವುದಿಲ್ಲ. ನಮ್ಮ ಮನೆಯಲ್ಲಿ ಓದುತ್ತಾರೆ. ನನ್ನ ಹೆಂಡತಿ ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವವಳು; ಸೀಲು ಒಡೆದಿದೆ ಎಂಬ ಕಾರಣ ಕೊಟ್ಟು ಜನರನ್ನು ಬರಿಗೈಯಲ್ಲಿ ಕಳಿಸುವುದೇ ಅವಳ ದಿನನಿತ್ಯದ ಕಾಯಕ. ನಮ್ಮ ಸೋಫಾ ಇಂದಿಗೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನೊಳಗೇ ಇದೆ, ಬೇಸಿಗೆಯಲ್ಲಿ ಕೂತವರು ಏಳುವಾಗ ಅರ್ಧ ಚರ್ಮ ಅಲ್ಲೇ ಬಿಟ್ಟು ಏಳಬೇಕು. ಟೀವಿಯ ರಿಮೋಟಿಗೆ ಕವರು, ಜೀಪಿನ ಸೀಟಿಗೆ ಕವರು, ಆ ಕವರು ಕೊಳೆಯಾಗದಿರಲೆಂದು ಅದಕ್ಕೊಂದು ಕವರು. ಇಂಥ ಮನೆಗೆ ತಾವು ಸೀಲು ಕಳಿಸಿದಿರಿ! ಉರಿಯುವ ಬೆಂಕಿಗೆ ತುಪ್ಪ ಸುರಿಯುವುದೆಂದರೆ ಇದೇ ಸ್ವಾಮೀ.

ಇನ್ನು ನನ್ನ ಅತ್ತೆಯವರ ವಿಷಯ. ಮರಳುದಾರಿಯ ಆ ತುದಿಯಲ್ಲಿ, ಸಮುದ್ರದ ಬದಿಯ ಮೀನುಗಾರರ ವಸತಿಯಲ್ಲಿ ಅವರ ಮನೆ. ಬಟ್ಟೆ ಹೊಲಿಯುವುದು ಅವರ ಕಸುಬು. ಆ ವಸತಿಯ ಅಷ್ಟೂ ಮಕ್ಕಳ ಶಾಲೆಯ ಸಮವಸ್ತ್ರ ಅವರ ಹೊಲಿಗೆ ಯಂತ್ರದಿಂದಲೇ ಇಳಿಯಬೇಕು. ಎರಡೂ ಕಣ್ಣಿಗೆ ಪೊರೆ ಬಂದು, ಈಚೆಗೆ ನೀಲಿ ದಾರ ಯಾವುದು ಕಪ್ಪು ದಾರ ಯಾವುದು ಎಂದು ಪಕ್ಕದ ಮನೆಯವರನ್ನು ಕೂಗಿ ಕೇಳುವಂತಾಗಿತ್ತು. ಬೇರೆ ಊರಿನಿಂದ ಅಪರೂಪಕ್ಕೊಮ್ಮೆ ಬರುವ ಕಣ್ಣಿನ ಡಾಕ್ಟರು ಅಂದು ಬೆಳಿಗ್ಗೆ ಅವರ ಬಲಗಣ್ಣಿನ ಆಪರೇಷನ್ ಮಾಡುವುದೆಂದು ನಿಗದಿಯಾಗಿತ್ತು. ಡಾಕ್ಟರು ಹೊರಡುವುದರೊಳಗೆ ಬರದಿದ್ದರೆ ಇನ್ನು ಮಳೆಗಾಲ ಕಳೆದ ಮೇಲೆಯೇ ಎಂದು ಆಸ್ಪತ್ರೆಯವರು ಮೊದಲೇ ಎಚ್ಚರಿಸಿದ್ದರು. "ಒಂದ್ ಕಣ್ಣು ಬಂದ್ರೆ ಸಾಕು ಕಣೇ, ಶಾಲೆ ಶುರುವಾಗೋಷ್ಟ್ರಲ್ಲಿ ಎಲ್ಲಾ ಹೊಲ್ದು ಬಿಸಾಕ್ತೀನಿ" ಎಂದು ಅತ್ತೆ ಮಗಳಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು.

ಅವರನ್ನು ಕರೆತರಲು ನಾವಿಬ್ಬರೂ ಬೆಳಗಾಗುತ್ತಲೇ ಹೊರಟು ಮರಳುದಾರಿಯ ಬಾಯಿಗೆ ಬಂದಾಗ, ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಡ್ರೈವರುಗಳೆಲ್ಲ ಇಳಿದು, ವಾಲ್ವಿಗೆ ಬೆಂಕಿಕಡ್ಡಿ ಚುಚ್ಚಿ ಗಾಳಿ ಬಿಡುತ್ತಿದ್ದ ಜಾಗವದು. ನಾನೂ ಇಳಿದು ಸೀಲಿನ ಮೇಲೆ ಕೈಯಿಟ್ಟೆನೋ ಇಲ್ಲವೋ, "ರೀ, ಮುಟ್ಬೇಡಿ ಅದನ್ನ! ನಾಲ್ಕೂ ಹೊಸ ಟೈರು!" ಎನ್ನುತ್ತ ಹೆಂಡತಿ ಕಿಟಕಿಯಿಂದ ಅರ್ಧ ಹೊರಗೆ ಬಂದಳು. ಮೂವತ್ತೈದರಲ್ಲಿ ಮರಳಿಗಿಳಿದರೆ ಹೂತುಹೋಗುತ್ತದೆ ಮಾರಾಯ್ತಿ ಎಂದೆ. "ಹೂತ್ರೆ ಎತ್ಬಹುದು. ಗ್ಯಾರಂಟಿ ಹೋದ್ರೆ ವಾಪಸ್ ಬರುತ್ತಾ?" ಎಂದಳು. ನಾನು ಸೀಲು ಬಿಟ್ಟು, ಸ್ಟೀರಿಂಗ್ ಹಿಡಿದು, ಜೀಪನ್ನು ಹಾಗೆಯೇ ಮರಳಿಗಿಳಿಸಿದೆ; ಅವಳ ಪ್ರಶ್ನೆಗೆ ತಮಗೆ ಉತ್ತರ ಹೊಳೆದರೆ ತಿಳಿಸಿ.

ತಮ್ಮ ಮೂವತ್ತೈದರ ಪ್ರಭಾವ ಎಂಥದ್ದೆಂದರೆ, ವಸತಿಯ ಮನೆಗಳು ಕಣ್ಣಿಗೆ ಬೀಳುವಷ್ಟು ಹತ್ತಿರಕ್ಕೆ ಹೋಗಿ, ಜೀಪು ನಾಲ್ಕೂ ಚಕ್ರಗಳಿಂದ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು, ಹೊಟ್ಟೆಯನ್ನು ಮರಳಿಗೆ ಆನಿಸಿ ನೆಮ್ಮದಿಯಾಗಿ ಕೂತುಬಿಟ್ಟಿತು. ಅದರ ತಲೆಯ ಮೇಲೆ 'ಇಲ್ಲಿ ಎಲ್ಲ ಬಗೆಯ ರಸ್ತೆಗಳಲ್ಲೂ ವಾಹನ ಚಾಲನೆ ಕಲಿಸಲಾಗುವುದು' ಎಂಬ ನನ್ನ ಶಾಲೆಯ ಬೋರ್ಡು. ಬಲೆ ಹೊಲಿಯುತ್ತಿದ್ದ ನಾಲ್ಕೈದು ಜನ ಎದ್ದು ಬಂದು, ಮೊದಲು ಆ ಬೋರ್ಡನ್ನು ಗಟ್ಟಿಯಾಗಿ ಓದಿಕೊಂಡು, ಆಮೇಲೆ ಮರಳು ತೋಡಲು ಕೈಹಾಕಿದರು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ. ತೋಡಿದಷ್ಟೂ ಜೀಪು ಇಳಿಯಿತು, ಬಿಸಿಲು ಏರಿತು, ಹೆಂಡತಿ ಮಾತ್ರ ಸೀಲುಗಳಿಗೆ ಮರಳು ತಾಗದಂತೆ ಕರವಸ್ತ್ರ ಸುತ್ತುತ್ತಿದ್ದಳು.

ಅಷ್ಟರಲ್ಲಿ ಇಂಜಿನ್ನಿನ ಅರಚಾಟದ ಜಾಡು ಹಿಡಿದು ಅತ್ತೆಯವರೇ ನಡೆದು ಬಂದರು. ಆಪರೇಷನ್ನಿಗೆಂದು ಖಾಲಿ ಹೊಟ್ಟೆ, ಕಂಕುಳಲ್ಲಿ ಬಟ್ಟೆಯ ಗಂಟು. ಬಂದವರೇ ಮುಂದಿನ ಟೈರನ್ನು ಅಂಗೈಯಿಂದ ಸವರಿ, ಒತ್ತಿ, "ಇದೇನ್ರೀ ಅಳಿಯಂದ್ರೇ, ಇಷ್ಟೊಂದ್ ಬಿಗಿ! ಅಂಗಿ ತೋಳು ಹಿಡಿದ್ರೆ ಒಂಚೂರು ಸಡ್ಲ ಬಿಡ್ಬೇಕು ತಾನೆ?" ಎಂದರು. ಅಮ್ಮಾ, ಅದಕ್ಕೆ ಸೀಲ್ ಇದೆ, ಗ್ಯಾರಂಟಿ ಹೋಗತ್ತೆ ಎಂದು ಮಗಳು ಚೀರಿದಳು. "ನನ್ ಕಣ್ಣಿಗೆ ಯಾವನೇ ಗ್ಯಾರಂಟಿ ಕೊಟ್ಟಿದ್ದ?" ಎಂದು ಕೇಳಿ, ಸೊಂಟದ ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ತಮ್ಮ ನಾಲ್ಕೂ ಸೀಲುಗಳನ್ನು ತಡಕಿ ತಡಕಿ ಕಚಕಚನೆ ಕತ್ತರಿಸಿ ಹಾಕಿದರು. ಕತ್ತರಿಯ ತುದಿಯಿಂದಲೇ ವಾಲ್ವು ಒತ್ತಿ ಗಾಳಿ ಬಿಟ್ಟರು. ಎಡಹಿಂದಿನ ಚಕ್ರಕ್ಕೆ ಬರುವ ಹೊತ್ತಿಗೆ ಕೈ ಸ್ವಲ್ಪ ಹೆಚ್ಚೇ ಧಾರಾಳವಾಯಿತು, ಸಾಕು ಅತ್ತೆ ಸಾಕು ಎಂದರೂ ಕೇಳಲಿಲ್ಲ. ಎಲ್ಲರೂ ಸೇರಿ ಒಂದು ಸಲ ತಳ್ಳಿದ್ದಕ್ಕೆ ಜೀಪು ಎಮ್ಮೆ ಕೆಸರಿನಿಂದ ಎದ್ದಂತೆ ಎದ್ದು ಬಂತು.

ಕುಣಿಯುವಷ್ಟು ಸಂತೋಷದಲ್ಲಿ ನೇರವಾಗಿ ತಮ್ಮ ಪಾದಕ್ಕೇ ಬಂದೆವು, ನೆನಪಿರಬಹುದು. ಗಾಳಿ ತುಂಬಿಸಿಕೊಂಡರೆ ಇನ್ನೂ ಹೊತ್ತಿತ್ತು. ಹೆದ್ದಾರಿಯಲ್ಲಿ ನೆಟ್ಟಗೆ ಹೋದರೆ ಡಾಕ್ಟರು ಸಿಗುತ್ತಿದ್ದರು. ತಾವು ಕೊಳವೆಯ ಮೂತಿಯಿಂದ ನಮ್ಮ ವಾಲ್ವುಗಳನ್ನು ಮೂಸಿ ನೋಡಿ, 'ಟುಂಯ್' ಎಂದು, ಹಣೆಯ ಮೇಲೆ 'ಸೀಲು ಭಗ್ನ. ಸೇವೆ ನಿರಾಕರಿಸಲಾಗಿದೆ' ಎಂದು ಬರೆದುಕೊಂಡಿರಿ. ಬಂಕಿನ ಮ್ಯಾನೇಜರ್ ಓಡಿ ಬಂದು, "ಸಾರ್, ಸೀಲ್ ಕಿತ್ತಿರೋ ಗಾಡೀನ ಮೆಷೀನು ಮುಟ್ಟಲ್ಲ ಸಾರ್. ನಾನ್ ಒದ್ರೂ ಮುಟ್ಟಲ್ಲ" ಎಂದು ಕೈಚೆಲ್ಲಿದರು, ನಿಜಕ್ಕೂ ಒಂದು ಸಲ ಒದ್ದೂ ತೋರಿಸಿದರು. ಜನರಿಗೆ ನಿರಾಕರಣೆಯನ್ನು ಬರೆದು ಬರೆದು ಕೈ ಪಳಗಿದ ನನ್ನ ಹೆಂಡತಿ, ತನಗೇ ಬಂದ ನಿರಾಕರಣೆಯನ್ನು ಅಂದು ಮೊದಲ ಸಲ ಓದಿದಳು.

ಆಮೇಲಿನ ಪ್ರಯಾಣದ ವೈಭವವನ್ನು ಏನೆಂದು ಬಣ್ಣಿಸಲಿ! ಮರಳಿಗೆಂದು ಇಳಿಸಿದ ಗಾಳಿಯಲ್ಲಿ ಟಾರಿನ ಮೇಲೆ ಜೋರಾಗಿ ಓಡಿಸಿದರೆ ಟೈರು ಒಡೆದು, ಮೂವರೂ ಅದೇ ಆಸ್ಪತ್ರೆಯನ್ನು ಬೇರೆ ಬಾಗಿಲಿನಿಂದ ಹೊಗಬೇಕಾಗುತ್ತಿತ್ತು. ಗಾಳಿ ತುಂಬಿಸಲು ದಾರಿಯಲ್ಲಿ ಬೇರೆ ಅಂಗಡಿಯಿರಲಿಲ್ಲ, ಕಾಲುಪಂಪು ಗುಜರಿ ಸೇರಿತ್ತು. ಆದ್ದರಿಂದ ನಾಲ್ಕೂ ದೀಪ ಮಿನುಗಿಸಿಕೊಂಡು ರಸ್ತೆಯಂಚಿನಲ್ಲಿ ತೆವಳಿದೆವು. ಜೀಪು ಎಡಕ್ಕೆಳೆದರೆ ನಾನು ಬಲಕ್ಕೆಳೆದೆ. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿದವು. ನನ್ನದೇ ಶಿಷ್ಯೆಯೊಬ್ಬಳು ನಾನು ಕಲಿಸಿದಂತೆಯೇ ಸಿಗ್ನಲ್ ಕೊಟ್ಟು, ಹಾರನ್ ಹೊಡೆದು, ಮೇಷ್ಟ್ರನ್ನು ದಾಟಿ ಹೋದಳು. ಟೈರಿನ ಪಕ್ಕೆ ಮುಟ್ಟಿದರೆ ಕೈ ಸುಡುತ್ತಿತ್ತು, ನಿಲ್ಲಿಸಿ ಆರಿಸಿ ಮತ್ತೆ ಹೊರಡಬೇಕು. "ಟಾರು ಬಂತಲ್ಲ ಅಳಿಯಂದ್ರೇ, ಮತ್ಯಾಕೆ ಹಿಂಗ್ ಹೋಗ್ತಿದೀರಿ?" ಎಂದು ಅತ್ತೆ ಕೇಳುತ್ತಲೇ ಇದ್ದರು.

ಆಸ್ಪತ್ರೆಯ ನರ್ಸಮ್ಮ ಬಾಗಿಲಲ್ಲೇ ತಡೆದು, "ಡಾಕ್ಟ್ರು ಈಗಷ್ಟೇ ಹೊರಟ್ರಲ್ಲಮ್ಮ, ಕಾದೂ ಕಾದೂ ಹೋದ್ರು" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತೆಯವರು ಬೆಂಚಿನ ಮೇಲೆ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಹಂಗಾದ್ರೆ ಇನ್ನ ಏನಾದ್ರೂ ತಿನ್ಬಹುದಾ?" ಎಂದು ಕೇಳಿದರು. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. ಮಾನ್ಯರೇ, ಇದನ್ನು ಮಾತ್ರ ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ.

ಈಗ ಅತ್ತೆಯವರು ಹೊಲಿಗೆ ಯಂತ್ರದ ಸಮೇತ ನಮ್ಮ ಮನೆಯಲ್ಲಿದ್ದಾರೆ. ಮಕ್ಕಳ ಅಂಗಿಗಳ ರಾಶಿ ಪಕ್ಕದಲ್ಲಿದೆ. ಹೆಂಡತಿ ಕಚೇರಿಗೆ ಹೋಗುವ ಮುಂಚೆ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅವು ಮುಗಿಯುತ್ತವೆ, ಅತ್ತೆ ಕೈಕಟ್ಟಿ ಕೂರುತ್ತಾರೆ. ಹೀಗಿರುವಾಗ ಸರ್ವಶಕ್ತರಾದ ತಮ್ಮಲ್ಲಿ ಒಂದೆರಡು ಸಣ್ಣ ಬೇಡಿಕೆಗಳನ್ನಿಡಲು ಧೈರ್ಯ ಮಾಡುತ್ತೇನೆ. ಎಲ್ಲ ನೆಲಕ್ಕೂ ಒಂದೇ ಅಂಕಿ ಸಾಕೆಂದು ಕಂಡುಹಿಡಿದ ತಾವು, ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಮೈ ಸಾಕೆಂದು ಆಜ್ಞೆ ಹೊರಡಿಸಿದರೆ ಅತ್ತೆಯವರಿಗೆ ಟೇಪು ನೋಡುವ ಕಷ್ಟ ತಪ್ಪುತ್ತದೆ. ಎಲ್ಲ ಕನ್ನಡಕಕ್ಕೂ ಒಂದೇ ನಂಬರು ಗೊತ್ತುಮಾಡಿದರೆ ಡಾಕ್ಟರುಗಳ ಹಂಗೂ ತಪ್ಪುತ್ತದೆ. ಅದಾಗದಿದ್ದರೆ ಈ ಸಲದ ಮಳೆಗಾಲವನ್ನು ನಾಳೆಯೇ ಸುರಿಸಿ ನಾಡಿದ್ದಿಗೆ ಮುಗಿಸಿಬಿಡಿ. ಅದೂ ಆಗದೆಂದರೆ, ಬಿಡುವಾದಾಗ ತಾವೇ ಮೂವತ್ತೈದು ತುಂಬಿಸಿಕೊಂಡು ಆ ಮರಳುದಾರಿಯಲ್ಲಿ ಒಂದು ನಡಿಗೆ ಹೋಗಿಬನ್ನಿ. ತೋಡಿ ತೆಗೆಯಲು ಬಲೆ ಹೊಲಿಯುವವರು ಅಲ್ಲೇ ಇರುತ್ತಾರೆ, ಬೋರ್ಡು ಬೇಕಿದ್ದರೆ ನನ್ನದನ್ನೇ ಕೊಡುತ್ತೇನೆ.

ಗಾಳಿಯಲ್ಲೂ ನೀತಿಯಲ್ಲೂ ಒಂದೇ ಅಂಕಿಗೆ ಬದ್ಧರಾದ

ತಮ್ಮ ವಿಶ್ವಾಸಿ,
ಸೀಲು ಕಳೆದುಕೊಂಡ ಡ್ರೈವಿಂಗ್ ಮೇಷ್ಟ್ರು

ಮತ್ತೊಂದು ಮಾತು: ಕಳಿಸುವ ಮುಂಚೆ ಈ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ತಮ್ಮನ್ನು ಕುರುಡು ಯಂತ್ರವೆಂದು ಕರೆದಿದ್ದ ಒಂದು ಸಾಲು ಅವರಿಗೆ ಸರಿಬರಲಿಲ್ಲ, ಹೊಡೆದುಹಾಕಿಸಿದರು. "ಕಣ್ಣಿಲ್ಲ ಅಂತ ಬೈಬೇಡಿ ಅಳಿಯಂದ್ರೇ, ನನಗೂ ಇಲ್ಲ. ನಾನು ಕೈಯಿಟ್ಟು ನೋಡ್ದೆ, ಅದು ನೋಡ್ಲಿಲ್ಲ. ಅಷ್ಟೇ ಬರೀರಿ" ಎಂದರು. ಅಷ್ಟೇ ಬರೆದಿದ್ದೇನೆ.