ಬೆಂಚು ಬೇಕಾ ಅಂತ ಮೂರು ಸಲ

ನಾನೇನೂ ಹುಡುಕಿಕೊಂಡು ಹೋಗಲ್ಲ, ಎಡವಟ್ಟುಗಳೇ ನನ್ನ ಅಡ್ರೆಸ್ಸು ಕೇಳಿಕೊಂಡು ಬರುತ್ತವೆ.

೧. ಮೀಸೆ

ನಾವಿರೋ ಪರದೇಶದ ಊರಲ್ಲಿ ನಮ್ಮ ರಸ್ತೆಯನ್ನು ಹೊಸದು ಮಾಡ್ತೀವಿ, ಅಭಿಪ್ರಾಯ ತಿಳಿಸಿ ಅಂತ ಸಿಟಿ ಆಫೀಸಿನವರು ಕಂಬಕಂಬಕ್ಕೂ ಪೋಸ್ಟರು ಅಂಟಿಸಿದ್ದರು. ಚಿತ್ರದಲ್ಲಿ ನಾಲ್ಕು ಜನ ನಗುತ್ತಾ ನಡೆಯುತ್ತಿದ್ದರು. ಕಂಬ ಕಂಬದಲ್ಲೂ ನಾಲ್ವರಿಗೂ ಮೀಸೆ ಬರೆದೆ. ಐದನೇ ಕಂಬದಲ್ಲಿ, ಪೋಸ್ಟರು ಮಾಡಿದ ಮೇಡಮ್ಮಿನ ಕೈಗೇ ಸಿಕ್ಕಿಬಿದ್ದೆ.

"ಇಷ್ಟು ದಿನ ಇದನ್ನ ಒಬ್ಬರೂ ನಿಂತು ನೋಡಿರಲಿಲ್ಲ. ಈಗ ನಿನ್ನ ಮೀಸೆ ನೋಡೋಕೆ ನಿಲ್ತಿದಾರೆ. ಶನಿವಾರ ಆಫೀಸಿಗೆ ಬಾ" ಅಂದರು.

"ಇದು ಕೆಲಸಾನೋ, ಶಿಕ್ಷೇನೋ?" ಅಂತ ಅಮ್ಮ ಕೇಳಿದಳು. ಸ್ಕೂಲಿಗೇ ನೆಟ್ಟಗೆ ಹೋಗದ ನನಗೆ ಎರಡೂ ಒಂದೇ.

೨. ಕೂರೋ ಜಾಗ

"ಊರಲ್ಲಿರೋರೆಲ್ಲ ಈ ಹೊಸ ಪೋಸ್ಟರಲ್ಲಿ ಕಾಣಬೇಕು" ಅಂದರು ಮೇಡಮ್ಮು. ಗಾಲಿಕುರ್ಚಿಯವರು, ರುಮಾಲಿನವರು, ಸೀರೆಯವರು, ಮಗುವಿನ ಸ್ಟ್ರೋಲರು ತಳ್ಳುವವರು, ಎಲ್ಲರನ್ನೂ ಬರೆದೆ. ಮನೆಗೆ ತಂದು ಅಜ್ಜಿಗೆ ತೋರಿಸಿದೆ.

"ಚೆನ್ನಾಗಿದೆ ಕಣೋ. ಸೀರೆಯವಳು ಎಲ್ಲಿ ಕೂರ್ತಾಳೆ?"

ಅಜ್ಜಿಗೆ ಮಂಡಿನೋವು. ಗ್ರೋಸರಿ ಅಂಗಡಿಗೆ ಅರ್ಧ ದಾರಿ ನಡೆದರೆ ಕೂರಲೇಬೇಕು. ಆ ಅರ್ಧ ದಾರಿಯ ಮೂಲೆಯಲ್ಲಿ ಬೆಂಚು ಹಾಕೋದೋ, ಎರಡು ಕಾರಿಗೆ ಪಾರ್ಕಿಂಗು ಮಾಡೋದೋ ಅನ್ನೋದನ್ನೇ ಸಿಟಿಯವರು ಜನರನ್ನು ಕೇಳುತ್ತಿದ್ದದ್ದು. ಸದ್ಯಕ್ಕೆ ಅಜ್ಜಿ ಅಲ್ಲೇ ಇದ್ದ, ಬೆಂಕಿ ಆರಿಸೋ ನೀರಿನ ಹಳದಿ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಆ ಕಂಬ ತಮ್ಮದು ಅಂದುಕೊಂಡಿದ್ದ ನಾಯಿಗಳಿಗೂ ಅವಳಿಗೂ ದಿನಾ ಜಗಳ.

೩. ಬೇಡಪ್ಪ

ಅಂಗಡಿ ಮುಂದೆ ಮೇಜು, 'ಬೇಕು', 'ಬೇಡ' ಅಂತ ಬರೆದ ಬೋರ್ಡು ಇಟ್ಟೆವು. ಕನ್ನಡ ಬಾರದ ಮೇಡಮ್ಮು ಇಂಗ್ಲಿಷಿನಲ್ಲಿ ಕೇಳೋದು, ನಾನು ಕನ್ನಡದಲ್ಲಿ ಹೇಳೋದು, ಬಂದ ಉತ್ತರವನ್ನ ನಾನು ತಿಳಿಸಿದ ಮೇಲೆ ಅವರು ಸ್ಟಿಕರ್ ಅಂಟಿಸೋದು. ಅಜ್ಜಿ ತನ್ನ ವಾಕಿಂಗ್ ಗೆಳತಿಯರನ್ನೆಲ್ಲ ಕರೆತಂದಳು.

"ಆ ಮೂಲೆಯಲ್ಲಿ ಬೆಂಚು ಬೇಕಾ?"

"ಅಯ್ಯೋ ಬೇಡಪ್ಪ, ನಮಗೋಸ್ಕರ ಯಾಕೆ ತೊಂದರೆ!"

ಒಬ್ಬೊಬ್ಬರದೂ ಅದೇ ಮಾತು. ಮೇಡಮ್ಮು 'ಬೇಡ' ಕಡೆಗೆ ಸ್ಟಿಕರ್ ಮೇಲೆ ಸ್ಟಿಕರ್ ಅಂಟಿಸಿದರು. ಕೊನೆಗೆ ಅಜ್ಜಿಯೂ "ಬೇಡ" ಅಂದಳು.

"ಅಜ್ಜೀ, ಬೇಕು ಅಂತಿದ್ದೋಳು ನೀನೇ ಅಲ್ವಾ!"

"ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತೇನೋ? ಮರ್ಯಾದೆ ಬೇಡ್ವಾ? ಇನ್ನೆರಡು ಸಲ ಕೇಳಬೇಕಿತ್ತು ಆಯಮ್ಮ."

ಎರಡು ಕಾರುಗಳು ಆಗಲೇ ಬಂದು ನಿಂತ ಹಾಗೆ ಕಂಡಿತು ನನಗೆ.

೪. ಮೂರನೇ ಸಾಲು

ಮೇಡಮ್ಮಿಗೆ ವಿಷಯ ಬಿಡಿಸಿ ಹೇಳಿದೆ. ಅವರು ಇನ್ನೊಂದು ಶನಿವಾರ ಕೊಟ್ಟರು. ಈ ಸಲ ಬೋರ್ಡಿನಲ್ಲಿ ಮೂರು ಸಾಲು ಬರೆದೆ. "ಬೆಂಚು ಬೇಕಾ?" "ನಿಜವಾಗ್ಲೂ ಬೇಡ್ವಾ?" "ಸಂಕೋಚ ಮಾಡ್ಕೋಬೇಡಿ, ಹೇಳಿ." ಲೆಕ್ಕಕ್ಕೆ ಮೂರನೇ ಸಾಲು ಮಾತ್ರ. ಮೊದಲ ಸಾಲು ಪೂರ್ತಿ ಬೇಡ. ಎರಡರಲ್ಲಿ "ನಿಮ್ಮಿಷ್ಟ". ಮೂರರಲ್ಲಿ ಎಲ್ಲರಿಗೂ ಬೇಕು.

ಬೆಂಚು ಹಾಕಿದ ದಿನ ಅಜ್ಜಿ ಮೇಡಮ್ಮನ್ನು ಊಟಕ್ಕೆ ಕರೆದಳು. ಎರಡು ಹೋಳಿಗೆ ಆದಮೇಲೆ ಮೇಡಮ್ಮು, ಪಾಠ ಕಲಿತವರ ಹಾಗೆ, ಬೆರಳು ಎಣಿಸಿಕೊಂಡು ಕನ್ನಡದಲ್ಲೇ ಹೇಳಿದರು: "ಬೇಡ. ಬೇಡ. ಬೇಡ."

ಅಜ್ಜಿ ಮೂರು ಹೋಳಿಗೆ ಹಾಕಿದಳು.

"ಮೂರು ಸಲ ಹೇಳಿದೆನಲ್ಲ!" ಅಂತ ಮೇಡಮ್ಮು ನನ್ನ ಮುಖ ನೋಡಿದರು.

"ಅದು ಬೆಂಚಿಗೆ ಅಂತ ಹೇಳೋ. ಹೋಳಿಗೆಗೆ ಬೇರೆ ರೂಲ್ಸು" ಅಂದಳು ಅಜ್ಜಿ, ತುಪ್ಪ ಬಡಿಸುತ್ತಾ.

ಆಮೇಲೆ ಮೇಡಮ್ಮು ಅಂಗಡಿ ಹತ್ತಿರ ನಿಲ್ಲಿಸಿದ್ದ ಕಾರಿನವರೆಗೂ ನಡೆಯಲಾರದೆ ಅರ್ಧ ದಾರಿಯಲ್ಲೇ ಕುಸಿದು ಕೂತರು. ಹಾಗಾಗಿ ಅಜ್ಜಿಯ ಬೆಂಚಿನ ಮೇಲೆ ಮೊದಲು ಕೂತವರು ಅವರೇ. ಬೀಳ್ಕೊಡೋಕೆ ಬಂದಿದ್ದ ಅಜ್ಜಿ ಅವತ್ತೂ ಹಳದಿ ಕಂಬಕ್ಕೇ ಒರಗಿ ನಿಂತಿದ್ದಳು. ಕೂತ್ಕೊಳ್ಳಿ ಅಂತ ಮೇಡಮ್ಮು ಅವಳನ್ನ ಇನ್ನೂ ಒಂದೇ ಸಲ ಕೇಳಿದ್ದರು.