ಮೀಸೆ ಅಕ್ಷರದ ಮಹಿಮೆ

ಕನಕಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬೋರ್ಡು, ಫ್ಲೆಕ್ಸು, ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ನನ್ನದು. ಏನಾದರೊಂದು ತಮಾಷೆ ನಡೆಯದೆ ಬಾಗಿಲು ಹಾಕಿದ ನೆನಪೇ ಇಲ್ಲ. ಅದರಲ್ಲಿ ಮುಕ್ಕಾಲು ಪಾಲಿಗೆ ಕಾರಣ ನನ್ನ ಕಂಪ್ಯೂಟರಿನಲ್ಲಿರುವ ಒಂದು ಬಗೆಯ ಅಕ್ಷರ, ಅಂದರೆ ಫಾಂಟು. ಹಳೇ ನಾಟಕದ ಪೋಸ್ಟರಿನಲ್ಲಿ ಇರುತ್ತಿತ್ತಲ್ಲ, ಅಂಥ ದಪ್ಪ ಮೈ. ತುದಿತುದಿಗೂ ಹುರಿಮಾಡಿದ ಮೀಸೆಯ ಹಾಗೆ ಒಂದು ಚೂಪು. ಗಿರಾಕಿಗಳು ಅದಕ್ಕೆ ಮೀಸೆ ಅಕ್ಷರ ಅಂತಲೇ ಹೆಸರಿಟ್ಟಿದ್ದಾರೆ. ಅದರಲ್ಲಿ ಏನು ಬರೆದರೂ ಜನ ಒಂದು ಗಳಿಗೆ ಕೈಕಟ್ಟಿ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ಒಬ್ಬ ಹೆಂಗಸಿನ ಬದುಕೇ ಒಂದು ಸಲ ಅದರ ಮೇಲೆ ನಿಂತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

೧. ನಾಯಿ

ತಿಪ್ಪಸಂದ್ರದ ರೈತರೊಬ್ಬರು ತೋಟದ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಅಂತ ಬರೆಸಿಕೊಂಡು ಹೋದರು. ನಾಯಿ ಇರಲಿಲ್ಲ, ಸಾಕುವ ಯೋಚನೆಯೂ ಇರಲಿಲ್ಲ. ಆಮೇಲೊಂದು ದಿನ ಸಿಕ್ಕಾಗ ಕೇಳಿದೆ, “ಹೆಂಗೈತೆ ಬೋರ್ಡು?”

“ಒಂದು ತೆಂಗಿನಕಾಯೂ ಕಳುವಾಗಿಲ್ಲ ಬುಡಿ. ಕರೆಂಟ್ ಬಿಲ್ಲಿನವ್ರು ರೋಡಲ್ಲೇ ನಿಂತು ಕೂಗ್ತಾರೆ. ಆದ್ರೆ ಆ ಅಕ್ಷರ ನೋಡ್ಬುಟ್ರೆ ನಂಗೂ ಒಂಥರಾ ಆಯ್ತದೆ. ಗೇಟು ತೆಗಿಯೋಕೆ ಮುಂಚೆ ಒಸಿ ಬಗ್ಗಿ ನೋಡ್ಕಂಡೇ ಒಳಕ್ಕೋಯ್ತೀನಿ.”

೨. ಲಗ್ನಪತ್ರಿಕೆ

ಮಾಗಡಿ ಕಡೆಯ ಯಜಮಾನರೊಬ್ಬರು ಹಿರಿಮಗಳ ಮದುವೆಗೆ “ಗತ್ತಾಗಿರೋ ಅಕ್ಷರ ಹಾಕಿ” ಅಂದರು. ಹಾಕಿದೆ. ಮದುವೆ ಮುಗಿಸಿಕೊಂಡು ಕೆಂಡವಾಗಿ ಬಂದರು.

“ಏನ್ ಮಾಡ್ಬುಟ್ರಿ! ಯಾವತ್ತೂ ತಲೆ ಹಾಕ್ದಿರೋ ನೆಂಟ್ರೆಲ್ಲ ಪತ್ರಿಕೆ ನೋಡಿ, ಇದ್ಯಾವುದೋ ಅರಮನೆ ಮದ್ವೆ ಅಂತ ಬಂದ್ಬುಟ್ರು. ಅನ್ನ ಸಾಲ್ದೆ ಬೀಗರ ಮುಂದೆ ಮಾನ ಹೋಯ್ತು.”

ನಾನು ನೀರಿನ ಲೋಟ ಮುಂದಿಟ್ಟೆ. ಅವರು ಕುಡಿದು ಸುಧಾರಿಸಿಕೊಂಡರು. “ಕಿರಿಮಗಳಿಗೂ ಗಂಡು ಗೊತ್ತಾಗೈತೆ. ಈ ಸಲ ಒಸಿ ಬಡಕಲು ಅಕ್ಷರ ಹಾಕಿ.”

೩. ಹೋಟೆಲು

ದೊಡ್ಡಆಲಹಳ್ಳಿಯ ಅಕ್ಕ ಒಬ್ಬಳು ನಮ್ಮ ಬೀದಿಯಲ್ಲಿ ಇಡ್ಲಿ ಹೋಟೆಲು ಇಟ್ಟಿದ್ದಳು. ನಾನೇ ಬರೆದುಕೊಟ್ಟ ಗುಲಾಬಿ ಬಣ್ಣದ ತೆಳ್ಳನೆ ಬೋರ್ಡು. ಜನ ಬರಲಿಲ್ಲ, ಮುಚ್ಚಿತು. ಮತ್ತೆ ಬೇರೆ ಕಡೆ ಶುರು ಮಾಡುವಾಗ ಬೋರ್ಡಿಗೆ ನನ್ನ ಹತ್ತಿರವೇ ಬಂದಳು.

“ಅಣ್ಣ, ಇದೂ ನಡೀಲಿಲ್ಲ ಅಂದ್ರೆ ಮತ್ತೆ ರೇಷ್ಮೆಗೂಡು ಬೇಯ್ಸೋ ಕೆಲ್ಸಕ್ಕೇ ಹೋಗ್ಬೇಕು” ಅಂದು ಬಿಸಿನೀರಿಗೆ ಸುಲಿದುಹೋಗಿದ್ದ ಬೆರಳು ತೋರಿಸಿದಳು. ಈ ಸಲ ಮೀಸೆ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ.

ಶುರುವಾದ ದಿನ ಬೆಳಿಗ್ಗೆಯೇ ಹೋಗಿ ಮೂಲೆಯಲ್ಲಿ ಕೂತೆ. ಪಂಚೆಯುಟ್ಟ ಹಿರಿಯರೊಬ್ಬರು ಬೋರ್ಡನ್ನೇ ನೋಡುತ್ತಾ ನಿಂತು, ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು. ಇಡ್ಲಿ ತಿಂದು ಅಕ್ಕನನ್ನು ಕರೆದರು.

“ಏನವ್ವಾ, ನಾನು ಚಿಕ್ಕುಡ್ಗ ಆಗಿದ್ದಾಗ ನಮ್ಮಪ್ಪನ ಜೊತೆ ಸಂತೆಗೆ ಬಂದ್ರೆ ಇಲ್ಲೇ ತಿಂತಿದ್ದೋ. ನಿಮ್ಮತ್ತೆ ಕೈರುಚಿ ನಿಂಗೆ ಬಂದಿಲ್ಲ ಬುಡು.”

ಹೋಟೆಲಿನ ಬಾಗಿಲು ತೆಗೆದು ಇನ್ನೂ ಗಂಟೆಯಾಗಿರಲಿಲ್ಲ; ಹಳೇ ಕಾಲದ್ದಾಗಿ ಕಾಣುತ್ತಿದ್ದದ್ದು ಬೋರ್ಡಿನ ಅಕ್ಷರ ಮಾತ್ರ. ಪಕ್ಕದಲ್ಲಿದ್ದವರೂ ತಲೆಯಾಡಿಸಿ, “ಆಗಿನ ಚಟ್ನಿನೇ ಬೇರೆ” ಅಂದರು. ನಿಜ ಹೇಳೋಣ ಅಂತ ಎದ್ದೆ. ಅಕ್ಕ ಕಣ್ಣಲ್ಲೇ ನನ್ನನ್ನು ಕೂರಿಸಿದಳು.

“ನಾಳೆ ಬನ್ನಿ ಅಪ್ಪಾಜಿ, ಅತ್ತೆ ಮಾಡ್ತಿದ್ದಂಗೇ ಮಾಡ್ಕೊಡ್ತೀನಿ.”

ಮಾರನೇ ದಿನ ಅವರು ಸ್ನೇಹಿತರನ್ನೂ ಕರೆದುಕೊಂಡು ಬಂದರು. ಅದೇ ಹಿಟ್ಟು, ಅದೇ ಚಟ್ನಿ. “ಇದು ನೋಡು, ಹಳೇ ರುಚಿ!” ಅಂತ ಕಣ್ಣುಮುಚ್ಚಿದರು.

ಈಗ ಅಲ್ಲಿ ಬೆಳಿಗ್ಗೆ ಕೂರೋಕೆ ಜಾಗ ಸಿಗುವುದಿಲ್ಲ. ಅಕ್ಕನ ಬೆರಳೂ ವಾಸಿಯಾಗಿದೆ. ಜನ ಕೇಳಿ ಕೇಳಿ, ಅವಳು ಊರಿನಿಂದ ಅತ್ತೆಯನ್ನೇ ಕರೆಸಿ ಗಲ್ಲಾದಲ್ಲಿ ಕೂರಿಸಿದ್ದಾಳೆ. ಆ ಯಮ್ಮ ಜನ್ಮದಲ್ಲಿ ಇಡ್ಲಿ ಬೇಯಿಸಿದವರಲ್ಲ. ಮೊನ್ನೆ ಆ ಹಿರಿಯರು ಹೋಗಿ ಕಾಲಿಗೆ ಬಿದ್ದರು. ಅತ್ತೆ ತಲೆಯೆತ್ತಿ ಬಾಗಿಲಾಚೆಯ ಬೋರ್ಡಿನ ಕಡೆಗೊಮ್ಮೆ ನೋಡಿ, ಅವರ ಬೆನ್ನು ಸವರಿ ಅಂದರು:

“ಎಷ್ಟ್ ದೊಡ್ಡೋನಾಗ್ಬುಟ್ಟೆ ಮಗಾ! ನಿಮ್ಮಪ್ಪ ಚಟ್ನಿ ಇನ್ನೊಂದ್ಸಲ ಹಾಕಿಸ್ಕೊಳ್ದೆ ಏಳ್ತಾನೇ ಇರಲಿಲ್ಲ.”